ಕಂಟ್ರೋಲ್ ಲೈನ್ ವಿಮಾನವನ್ನು ಮೊದಲ ಹಾರಾಟಕ್ಕೆ ಸಜ್ಜುಗೊಳಿಸುವುದು

ಹಾರಿಸುವವರ ಸುತ್ತ ವೃತ್ತದಲ್ಲಿ ಹಾರುವ ಕಂಟ್ರೋಲ್ ಲೈನ್ ಮಾದರಿ ವಿಮಾನಕ್ಕೆ ರೇಡಿಯೊ ಇಲ್ಲ. ಹಾರಿಸುವವರ ಕೈಯ ಹ್ಯಾಂಡಲ್‌ನಿಂದ ವಿಮಾನದ ಎಡರೆಕ್ಕೆಗೆ ಹೋಗುವ ಎರಡು ಉಕ್ಕಿನ ತಂತಿಗಳೇ ಅದರ ಲಗಾಮು. ರೆಕ್ಕೆಯ ಬಳಿಯಿರುವ ಬೆಲ್‌ಕ್ರ್ಯಾಂಕ್ ಎಂಬ ತಿರುಗುವ ಸನ್ನೆ ಆ ಎಳೆತವನ್ನು ಪುಶ್‌ರಾಡ್ ಎಂಬ ಕಡ್ಡಿಯ ಮೂಲಕ ಬಾಲದ ಎಲಿವೇಟರ್‌ಗೆ, ಅಂದರೆ ವಿಮಾನವನ್ನು ಏರಿಸಿ ಇಳಿಸುವ ಅಲುಗುವ ಪಟ್ಟಿಗೆ, ಮುಟ್ಟಿಸುತ್ತದೆ. ತಂತಿ ಸಡಿಲವಾದರೆ ಎಲಿವೇಟರನ್ನು ಅಲುಗಿಸಲು ಬೇರೆ ದಾರಿಯೇ ಇಲ್ಲದಿರುವುದರಿಂದ, ಹಾರಾಟಕ್ಕೆ ಮುಂಚಿನ ತಯಾರಿಯೆಲ್ಲವೂ ತಂತಿಯನ್ನು ಬಿಗಿಯಾಗಿ ಉಳಿಸುವುದಕ್ಕಾಗಿಯೇ ಎಂದು ತಿಳಿದು ಹೊರಡಬೇಕು. ಇಲ್ಲಿನ ಲೆಕ್ಕಗಳು ಸುಮಾರು 1 ಕಿಲೋ ತೂಕದ, 6 ಸಿಸಿ ಆಸುಪಾಸಿನ, ಮೆಥನಾಲ್ ಇಂಧನದಿಂದ ಓಡುವ ಗ್ಲೋ ಎಂಜಿನ್‌ನ, 18 ಮೀಟರ್ ತಂತಿಯ ಕಲಿಕೆಯ ವಿಮಾನಕ್ಕೆ ಸಂಬಂಧಿಸಿದವು.

ಮೊದಲು ರೆಕ್ಕೆಯನ್ನು ನೋಡಿ. ಕಾಸರಗೋಡಿನ ಮಳೆಗಾಲವನ್ನು ಅಟ್ಟದ ಮೇಲೆ ಕಳೆದ ಬಾಲ್ಸಾ ಮರದ ರೆಕ್ಕೆ ಸೊಟ್ಟಗಾಗದೆ ಉಳಿಯುವುದು ಅಪರೂಪ. ವಿಮಾನವನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದರೆ, ಎರಡು ರೆಕ್ಕೆಗಳ ಹಿಂದಿನ ಅಂಚುಗಳು ಒಂದೇ ಗೆರೆಯಲ್ಲಿವೆಯೋ ಇಲ್ಲವೋ ತಿಳಿಯುತ್ತದೆ. ಎಡರೆಕ್ಕೆಯನ್ನು ಮೇಲೆತ್ತುವಂಥ ಸೊಟ್ಟು ಇದ್ದರೆ ವಿಮಾನ ಹೊರಕ್ಕೆ ವಾಲುತ್ತದೆ. ಬಲರೆಕ್ಕೆಯನ್ನು ಮೇಲೆತ್ತುವಂಥದ್ದಿದ್ದರೆ ಒಳಕ್ಕೆ, ಅಂದರೆ ನಿಮ್ಮತ್ತ ವಾಲಿ ತಂತಿ ಸಡಿಲವಾಗುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ.

ತಂತಿಗಳ ಭಾರ ಎಡರೆಕ್ಕೆಯ ಮೇಲೆ ಬೀಳುವುದರಿಂದ ಅದಕ್ಕೆ ಸರಿದೂಗಿಸಲು ಬಲರೆಕ್ಕೆಯ ತುದಿಯೊಳಗೆ 25ರಿಂದ 30 ಗ್ರಾಂ ಸೀಸ ಇಡುವುದು ವಾಡಿಕೆ. ಗುರುತ್ವಕೇಂದ್ರವು ತಂತಿಗಳು ರೆಕ್ಕೆಯಿಂದ ಹೊರಬರುವ ಜಾಗಕ್ಕಿಂತ ತುಸು ಮುಂದೆ ಇರಬೇಕು. ಆಗ ಹಾರುವಾಗ ಮೂತಿ ಸ್ವಲ್ಪ ಹೊರಗೆ ತಿರುಗಿ ತಂತಿಯನ್ನು ಎಳೆದು ಹಿಡಿಯುತ್ತದೆ. ಮೂತಿ ಭಾರವಾದ ವಿಮಾನ ಮಂದವಾಗಿ ಹಾರುತ್ತದೆ, ಬಾಲ ಭಾರವಾದದ್ದು ಹಾರಿಸುವವರ ಕೈಗೇ ಸಿಗುವುದಿಲ್ಲ. ಆದ್ದರಿಂದ ಅನುಮಾನವಿದ್ದಲ್ಲಿ ಮೂತಿಗೇ ಭಾರ ಸೇರಿಸಿ. ಸೊಗಸಾದ ಲೂಪ್ ಹೊಡೆಯುವ ಆಸೆಯನ್ನು ಮುಂದಕ್ಕೆ ಇಟ್ಟುಕೊಳ್ಳಬಹುದು.

ಈಗ ತಂತಿಯ ವಿಷಯ. ಈ ಗಾತ್ರದ ವಿಮಾನಕ್ಕೆ 0.38 ಮಿ.ಮೀ. ದಪ್ಪದ, ಹಲವು ಎಳೆ ಹೊಸೆದ ಉಕ್ಕಿನ ತಂತಿ ಬಳಕೆಯಲ್ಲಿದೆ. ಕಡಲ ಬದಿಯ ಉಪ್ಪು ಗಾಳಿಗೆ ತುಕ್ಕು ಬೇಗ ಹಿಡಿಯುವುದರಿಂದ ತಂತಿಯನ್ನು ಪೂರ್ತಿ ಬಿಚ್ಚಿ, ಬಟ್ಟೆಯ ನಡುವೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒರೆಸಿಕೊಂಡು ಹೋಗಿ. ತುಂಡಾದ ಎಳೆ ಇದ್ದಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಒಂದೇ ಒಂದು ಎಳೆ ಹರಿದಿದ್ದರೂ, ಗಂಟಿನಂತೆ ಮಡಚಿದ ಗುರುತು ಒಂದೇ ಇದ್ದರೂ ಆ ತಂತಿಯನ್ನು ತೆಗೆದಿಡಬೇಕು. ಮಡಚಿದ ಜಾಗವನ್ನು ನೇರ ಮಾಡಿದರೆ ಕಣ್ಣಿಗೆ ಸರಿಯಾಗಿ ಕಾಣುತ್ತದೆಯೇ ಹೊರತು ಹಿಂದಿನ ಬಲ ಬರುವುದಿಲ್ಲ.

ಗಂಟೆಗೆ 80 ಕಿ.ಮೀ. ವೇಗದಲ್ಲಿ ಈ ವಿಮಾನ ತಂತಿಯನ್ನು ಸುಮಾರು 3 ಕಿಲೋ ಬಲದಿಂದ ಎಳೆಯುತ್ತದೆ. ಆದರೂ ಪರೀಕ್ಷೆಯನ್ನು ವಿಮಾನದ ತೂಕದ ಹತ್ತು ಪಟ್ಟು, ಅಂದರೆ 10 ಕಿಲೋ ಎಳೆತದಲ್ಲಿ ಮಾಡಬೇಕು. ಒಬ್ಬರು ವಿಮಾನವನ್ನು ಒಡಲಿನ ಬಳಿ ಗಟ್ಟಿಯಾಗಿ ಹಿಡಿದಿರಲಿ, ಇನ್ನೊಬ್ಬರು ಹ್ಯಾಂಡಲ್‌ಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆಯಲಿ. ತಂತಿ, ಕ್ಲಿಪ್ಪು, ಬೆಲ್‌ಕ್ರ್ಯಾಂಕಿನ ಬೋಲ್ಟು, ಅದನ್ನು ಹಿಡಿದಿರುವ ಪ್ಲೈವುಡ್ ಎಲ್ಲವೂ ಒಟ್ಟಿಗೆ ಪರೀಕ್ಷೆಗೆ ಒಳಗಾಗಬೇಕೆಂಬುದೇ ಇದರ ಉದ್ದೇಶ.

ಬಳಿಕ ಹ್ಯಾಂಡಲನ್ನು ನೆಟ್ಟಗೆ ಹಿಡಿದಾಗ ಎಲಿವೇಟರ್ ಮಟ್ಟವಾಗಿ ನಿಲ್ಲುತ್ತದೆಯೇ, ಹ್ಯಾಂಡಲ್‌ನ ಮೇಲ್ತುದಿಯನ್ನು ನಿಮ್ಮತ್ತ ವಾಲಿಸಿದಾಗ ಎಲಿವೇಟರಿನ ಹಿಂದಿನ ಅಂಚು ಮೇಲೇಳುತ್ತದೆಯೇ ಎಂದು ನೋಡಿ. ತಂತಿಗಳು ಅದಲುಬದಲಾದರೆ ವಿಮಾನ ನೆಲಬಿಟ್ಟ ಕೂಡಲೇ ನೆಲಕ್ಕೆ ಬೀಳುತ್ತದೆ. ಮೇಲಿನ ತಂತಿಯ ಎರಡೂ ತುದಿಗೆ ಕೆಂಪು ಬಣ್ಣ ಹಚ್ಚಿದರೆ ಈ ಎಡವಟ್ಟು ತಪ್ಪುತ್ತದೆ. ಕಲಿಯುವವರಿಗೆ ಎಲಿವೇಟರ್ ಮೇಲಕ್ಕೂ ಕೆಳಕ್ಕೂ 20 ಡಿಗ್ರಿ ಚಲಿಸಿದರೆ ಸಾಕು.

ಎಂಜಿನ್‌ನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಮೊದಲೇ ಸ್ಟ್ಯಾಂಡಿನ ಮೇಲೆ ಓಡಿಸಿ ಪಳಗಿಸಿರಬೇಕು, ನೀಡಲ್ ವಾಲ್ವನ್ನು ತುಸು ಹೆಚ್ಚು ಇಂಧನ ಹೋಗುವಂತೆ ಇಟ್ಟಿರಬೇಕು. ಮೆಥನಾಲ್ ಗಾಳಿಯ ತೇವವನ್ನು ಹೀರುವುದರಿಂದ ಇಂಧನದ ಡಬ್ಬಿಯ ಮುಚ್ಚಳ ಸದಾ ಬಿಗಿಯಾಗಿರಲಿ. ಟ್ಯಾಂಕನ್ನು ಅರ್ಧ ಮಾತ್ರ ತುಂಬಿಸಿ, ಹಾರಾಟ ಬೇಗ ಮುಗಿಯಲಿ. ಐದು ಸೆಕೆಂಡಿಗೊಂದು ಸುತ್ತು ತಿರುಗುವಾಗ ಹೊಸಬರಿಗೆ ತಲೆ ಸುತ್ತುತ್ತದೆ.

ಜಾಗದ ಆಯ್ಕೆಯಲ್ಲಿ ಕರೆಂಟಿನ ತಂತಿ ಮೊದಲನೆಯ ವಿಚಾರ. ಉಕ್ಕಿನ ತಂತಿ ಹೈ ಟೆನ್ಷನ್ ಲೈನಿಗೆ ತಗುಲಿದರೆ ಹಾರಿಸುವವರು ಬದುಕುವುದಿಲ್ಲ. ವೃತ್ತದ ಅಂಚಿನಿಂದ ಕನಿಷ್ಠ 50 ಮೀಟರ್ ದೂರವನ್ನು ಬಿಡಲೇಬೇಕು. ತುಲಾಮಾಸದ (ಅಕ್ಟೋಬರ್-ನವೆಂಬರ್) ಮಧ್ಯಾಹ್ನದ ಗುಡುಗು ದೂರದಲ್ಲಿ ಕೇಳಿಸಿದರೂ ಹ್ಯಾಂಡಲ್ ಕೆಳಗಿಡಿ. ಕುಂಬಳೆಯಿಂದ ಬದಿಯಡ್ಕದ ಕಡೆಗೆ ಸಿಗುವ ಮುರಕಲ್ಲಿನ ಪದವುಗಳು, ಅಂದರೆ ಗುಡ್ಡದ ಮೇಲಿನ ಬಯಲುಗಳು, ವಿಶಾಲವಾಗಿವೆ, ಆದರೆ ಒರಟು ಕಲ್ಲು ತಂತಿಯನ್ನು ಕೆರೆಯುತ್ತದೆ, ಮುಳಿಹುಲ್ಲು ಅದನ್ನು ಹಿಡಿದುಕೊಳ್ಳುತ್ತದೆ. ಶಾಲಾ ಮೈದಾನ ಸಿಕ್ಕಿದರೆ ಅದೇ ವಾಸಿ. ಅಡಿಕೆ ಒಣಗಿಸುವ ಅಂಗಳ ಯಾವ ಲೆಕ್ಕಕ್ಕೂ ಸಾಲದು. ವೃತ್ತದ ವ್ಯಾಸವೇ 40 ಮೀಟರ್ ಆಗುತ್ತದೆ.

ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಬೆಳಗುಗಳಲ್ಲಿ ಗಾಳಿ ಮಂದವಾಗಿರುತ್ತದೆ. ಬಿಸಿಲೇರಿದ ಮೇಲೆ ಕಡಲಗಾಳಿ ಏಳುತ್ತದೆ. ಪಡುವಣ ಗಾಳಿ ಬೀಸುತ್ತಿದ್ದರೆ ವಿಮಾನವನ್ನು ವೃತ್ತದ ದಕ್ಷಿಣದಲ್ಲಿ, ಮೂಡಣಕ್ಕೆ ಮೂತಿಯಿಟ್ಟು ನಿಲ್ಲಿಸಿ. ಎಡಸುತ್ತಿನಲ್ಲಿ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ, ಕಾಲು ವೃತ್ತ ಓಡಿ ಅದು ನೆಲಬಿಡುವ ಹೊತ್ತಿಗೆ ಗಾಳಿ ಅದನ್ನು ನಿಮ್ಮಿಂದ ಹೊರಕ್ಕೆ ತಳ್ಳುತ್ತಿರುತ್ತದೆ, ತಂತಿ ಬಿಗಿಯಾಗಿರುತ್ತದೆ. ಹ್ಯಾಂಡಲ್‌ಗೆ ಬಿಗಿದ ಸುರಕ್ಷತೆಯ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡು, ಎಲಿವೇಟರನ್ನು ಇನ್ನೊಮ್ಮೆ ಆಡಿಸಿ ನೋಡಿದ ಮೇಲೆಯೇ ಬಿಡುವಂತೆ ಸಹಾಯಕರಿಗೆ ಸನ್ನೆ ಮಾಡಿ. ಮಣಿಕಟ್ಟನ್ನು ತಿರುಗಿಸದೆ ಇಡೀ ತೋಳನ್ನೇ ಮೆಲ್ಲಗೆ ಏರಿಳಿಸಿ ಎರಡು ಮೂರು ಮೀಟರ್ ಎತ್ತರದಲ್ಲಿ ಹಾರಿಸಿ. ತಂತಿ ಸಡಿಲವಾದಂತೆ ಅನಿಸಿದ ಕೂಡಲೇ ಹಿಂದಕ್ಕೆ ಹೆಜ್ಜೆಯಿಡಿ. ಎಂಜಿನ್ ನಿಂತ ಮೇಲೂ ಚಕ್ರ ನೆಲ ಮುಟ್ಟುವವರೆಗೆ ಇದೇ ಕ್ರಮ.