ಪಿಯೆರೊನ ಬೆನ್ನು ಹತ್ತಿ ಮೂರು ಊರು

ಇಟಲಿಯ ಫ್ಲಾರೆನ್ಸಿನಲ್ಲಿ ಎರಡನೇ ದಿನ ಮಧ್ಯಾಹ್ನ, ದೊಡ್ಡ ಗ್ಯಾಲರಿಯೊಂದರ ಬೆಂಚಿನ ಮೇಲೆ ಕೂತ ಅವ್ವ ಮತ್ತೆ ಏಳಲಿಲ್ಲ. “ಎಲ್ಲಾ ಚಲೋ ಅದಾವು ಯವ್ವಾ. ಆದ್ರ ಒಂದೂ ತಲ್ಯಾಗ ಉಳಿವಲ್ದು” ಅಂದಳು. ನನಗೂ ಅದೇ ಆಗಿತ್ತು. ಬೆಳಗಿನಿಂದ ಎಷ್ಟು ಕೋಣೆ ದಾಟಿದ್ದೆವೋ ಲೆಕ್ಕವಿಲ್ಲ, ಕಣ್ಣು ಮುಚ್ಚಿದರೆ ಬರೀ ಬಂಗಾರದ ಬಣ್ಣ.

ಆ ರಾತ್ರಿ ಸಿಯೆನಾ, ಪೀಸಾ, ಲೂಕ್ಕಾ ಅಂತ ಬರೆದಿಟ್ಟುಕೊಂಡಿದ್ದ ಪಟ್ಟಿಯನ್ನು ಬಿಟ್ಟೆ. ಉಳಿದ ಐದು ದಿನಕ್ಕೆ ಒಬ್ಬನೇ ಚಿತ್ರಕಾರ ಸಾಕು ಎಂದು ನಿರ್ಧರಿಸಿದೆ: ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ. ಟಸ್ಕನಿ ಪ್ರಾಂತದ ಪೂರ್ವದ ಅಂಚಿನಲ್ಲಿರುವ ಸಾನ್‌ಸೆಪೋಲ್ಕ್ರೊ ಅವನು ಹುಟ್ಟಿದ ಊರು, 1492ರಲ್ಲಿ ತೀರಿಕೊಂಡದ್ದೂ ಅಲ್ಲೇ. ಅವನ ದೊಡ್ಡ ಕೆಲಸಗಳಲ್ಲಿ ಕೆಲವು ಇವತ್ತಿಗೂ ಅವನು ಬರೆದ ಊರುಗಳನ್ನು ಬಿಟ್ಟು ಹೋಗಿಲ್ಲ. ಅರೆಟ್ಸೊ, ಮೊಂಟೆರ್ಕಿ, ಸಾನ್‌ಸೆಪೋಲ್ಕ್ರೊ ಮೂರೂ ಸುಮಾರು 40 ಕಿಲೋಮೀಟರಿನ ಒಂದೇ ದಾರಿಯಲ್ಲಿ ಬರುತ್ತವೆ. ಅರವತ್ತೆಂಟರ ಅವ್ವನ ಮೊಣಕಾಲಿಗೂ ಇದೇ ಸರಿ ಎನಿಸಿತು.

ಫ್ಲಾರೆನ್ಸಿನಿಂದ ಅರೆಟ್ಸೊಗೆ ಪ್ಯಾಸೆಂಜರ್ ರೈಲು ಹಿಡಿದೆವು. ಕಾಗದದ ಟಿಕೆಟ್ ಕೊಂಡವರು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಅದಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕು, ಮರೆತರೆ ದಂಡ. ಅರೆಟ್ಸೊದಲ್ಲಿ ತಿಂಗಳ ಮೊದಲ ಭಾನುವಾರ ಮತ್ತು ಅದರ ಹಿಂದಿನ ಶನಿವಾರ ಹಳೇ ಸಾಮಾನಿನ ದೊಡ್ಡ ಸಂತೆ ಕೂಡುತ್ತದೆ. ಚಿತ್ರಕ್ಕಾಗಿಯೇ ಹೋಗುವವರು ಆ ಎರಡು ದಿನ ಬಿಟ್ಟು ಹೋದರೆ ಕೋಣೆ ಸುಲಭವಾಗಿ ಸಿಗುತ್ತದೆ.

ಅಲ್ಲಿನ ಸಾನ್ ಫ್ರಾಂಚೆಸ್ಕೊ ಚರ್ಚಿನ ಮುಖ್ಯ ಗುಡಿಯ ಮೂರು ಗೋಡೆಗಳ ತುಂಬ ಪಿಯೆರೊ ಬರೆದದ್ದು ಶಿಲುಬೆಯ ಮರದ ಕಥೆ. ಮೊದಲ ಮನುಷ್ಯ ಆದಾಮ ಸತ್ತಾಗ ನೆಟ್ಟ ಸಸಿ ಮರವಾಗಿ, ಸೇತುವೆಯ ತೊಲೆಯಾಗಿ, ಕೊನೆಗೆ ಯೇಸುವಿನ ಶಿಲುಬೆಯಾಗುವ ಉದ್ದನೆಯ ಐತಿಹ್ಯ. ಹಣ ಕೊಟ್ಟವರು ಊರಿನ ಶ್ರೀಮಂತ ಬಾಚ್ಚಿ ಮನೆತನದವರು. ಕೆಲಸ ಶುರುಮಾಡಿದ್ದ ಚಿತ್ರಕಾರ ಬಿಚ್ಚಿ ದಿ ಲೊರೆಂಜೊ 1452ರಲ್ಲಿ ತೀರಿಕೊಂಡ ಮೇಲೆ ಅದು ಪಿಯೆರೊನ ಕೈಗೆ ಬಂತು. ನಮ್ಮ ಕಾಲದಲ್ಲಿ ಸುಮಾರು 15 ವರ್ಷ ಹಿಡಿದ ದುರಸ್ತಿ 2000ರಲ್ಲಿ ಮುಗಿಯಿತು. ಗಿಲಾವು ಉದುರಿಹೋದ ಜಾಗಗಳನ್ನು ಹೊಸ ಚಿತ್ರ ಬರೆದು ಮುಚ್ಚದೆ ಹಾಗೇ ಬೋಳಾಗಿ ಬಿಟ್ಟಿದ್ದಾರೆ. ಅದು ನನಗೆ ಬಹಳ ಹಿಡಿಸಿತು. ಐದೂವರೆ ಶತಮಾನ ದಾಟಿ ಬಂದ ಗೋಡೆ ತನ್ನ ಗಾಯಗಳ ಸಮೇತ ಎದುರು ನಿಂತಿರುತ್ತದೆ.

ಮೊದಲೇ ಹೊತ್ತು ಗೊತ್ತುಮಾಡಿಕೊಂಡು ಹೋಗಬೇಕು. ನಮಗೆ ಸಿಕ್ಕಿದ್ದು ಅರ್ಧ ಗಂಟೆ. ಮೊದಲ ದಿನ ಆ ಅರ್ಧ ಗಂಟೆಯನ್ನು ನಾನು ಹಾಳುಮಾಡಿಕೊಂಡೆ. ಕೈಯಲ್ಲಿ ಕಥೆಯ ಹಾಳೆ ಹಿಡಿದು ಒಂದನೇ ದೃಶ್ಯ ಎಲ್ಲಿ, ಎರಡನೆಯದು ಎಲ್ಲಿ ಎಂದು ಹುಡುಕುತ್ತ ನಿಂತೆ. ಪಿಯೆರೊ ಕಥೆಯ ಕ್ರಮದಲ್ಲಿ ಬರೆದೇ ಇಲ್ಲ. ರಾತ್ರಿ ಕೂತು ನಕ್ಷೆ ನೋಡಿದಾಗ ತಿಳಿಯಿತು: ಎದುರು ಬದರು ಗೋಡೆಗಳಲ್ಲಿ ಅವನು ಜೋಡಿ ಕಟ್ಟಿದ್ದಾನೆ. ಕೆಳಸಾಲಿನಲ್ಲಿ ಯುದ್ಧಕ್ಕೆ ಎದುರಾಗಿ ಯುದ್ಧ, ನಡುಸಾಲಿನಲ್ಲಿ ಮರದ ತೊಲೆಗೆ ಮಂಡಿಯೂರಿದ ಶೀಬಾ ರಾಣಿಗೆ ಎದುರಾಗಿ ಶಿಲುಬೆಯನ್ನು ಕಂಡುಕೊಂಡ ಹೆಲೆನಾ ರಾಣಿ.

ಮರುದಿನ ಇನ್ನೊಮ್ಮೆ ಹಣ ಕೊಟ್ಟು ಒಳಗೆ ಹೋದೆ. ಹಾಳೆ ಚೀಲದಲ್ಲೇ ಇತ್ತು. ಹಕ್ಕಿ ನೋಡುವ ದುರ್ಬೀನು ಮಾತ್ರ ಕೊರಳಲ್ಲಿ, ಮೇಲಿನ ಸಾಲಿಗೆ ಅದು ಬೇಕೇ ಬೇಕು. ಕಿಟಕಿಯ ಬಲಕ್ಕೆ ಕೆಳಗಡೆ ರೋಮಿನ ಚಕ್ರವರ್ತಿ ಕಾನ್ಸ್ಟಂಟೈನನ ಕನಸಿದೆ. ರಾತ್ರಿ, ಡೇರೆಯೊಳಗೆ ಚಕ್ರವರ್ತಿ ನಿದ್ದೆ ಹೋಗಿದ್ದಾನೆ, ಮಂಚದ ಪಕ್ಕ ಆಳೊಬ್ಬ ಕೂತಿದ್ದಾನೆ. ಮೇಲಿನಿಂದ ಎರಗಿದ ದೇವದೂತನ ಕೈಯಿಂದ ಬೆಳಕು ಡೇರೆಯ ಮೇಲೆ ಸುರಿಯುತ್ತದೆ. ಕಾವಲುಗಾರನ ಬೆನ್ನು ಕತ್ತಲಲ್ಲಿ ಉಳಿಯುತ್ತದೆ. ಈ ಒಂದು ಚಿತ್ರದ ಮುಂದೆ ಹತ್ತು ನಿಮಿಷ ನಿಂತಿದ್ದೆ. ಗುಡಿಯ ನಿಜವಾದ ಕಿಟಕಿಯ ಬೆಳಕು ಯಾವ ಕಡೆಯಿಂದ ಬರುತ್ತದೆಯೋ ಅದಕ್ಕೆ ಹೊಂದುವಂತೆ ಸುತ್ತಲಿನ ಗೋಡೆಗಳ ನೆರಳುಗಳನ್ನೂ ಪಿಯೆರೊ ಬರೆದಿದ್ದಾನೆ. ಅಚ್ಚಾದ ಪುಟದಲ್ಲಿ ಇದು ಗೊತ್ತಾಗುವುದೇ ಇಲ್ಲ.

ಮಧ್ಯಾಹ್ನ ಸಣ್ಣ ಚರ್ಚುಗಳೆಲ್ಲ ಬಾಗಿಲು ಹಾಕುತ್ತವೆ, ಆ ಹೊತ್ತು ಊಟಕ್ಕೆ ಇಟ್ಟುಕೊಳ್ಳಿ. ಟಸ್ಕನಿಯ ರೊಟ್ಟಿಗೆ ಉಪ್ಪು ಹಾಕುವುದಿಲ್ಲ, ನಮ್ಮ ಬಳಿ ಶೇಂಗಾ ಚಟ್ನಿ ಇತ್ತು.

ಮೂರು ರಾತ್ರಿ ಕಳೆದ ಮೇಲೆ ಸಾಮಾನಿನೊಂದಿಗೆ ಟ್ಯಾಕ್ಸಿ ಮಾಡಿಕೊಂಡು ಹೊರಟೆವು. ಬಸ್ಸು ಅಗ್ಗ, ಆದರೆ ನಡುವೆ ಮೊಂಟೆರ್ಕಿಯಲ್ಲಿ ಇಳಿಯಬೇಕಿತ್ತು. ಗುಡ್ಡದ ಮೇಲಿನ ಸಣ್ಣ ಊರು ಅದು. ಅಲ್ಲಿ ಹಳೇ ಶಾಲೆಯ ಕಟ್ಟಡದಲ್ಲಿ ಪಿಯೆರೊನ ಒಂದೇ ಒಂದು ಚಿತ್ರಕ್ಕಾಗಿ ಮ್ಯೂಸಿಯಂ ಮಾಡಿದ್ದಾರೆ: ಯೇಸುವಿನ ತಾಯಿ, ಬಸುರಿ ಮೇರಿ. ಮೊದಲು ಊರ ಹೊರಗಿನ ಸ್ಮಶಾನದ ಗುಡಿಯಲ್ಲಿತ್ತು. ಬಸುರಿಯರಿಗೆ ಒಳಗೆ ಹೋಗಲು ಟಿಕೆಟ್ ಇಲ್ಲ ಎಂದು ಅವ್ವನಿಗೆ ಹೇಳಿದಾಗ ಅವಳ ಮುಖ ಅರಳಿತು.

ಅವ್ವ ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ನರ್ಸಮ್ಮ ಆಗಿದ್ದವಳು, ಎಷ್ಟೋ ಹೆರಿಗೆ ಮಾಡಿಸಿದ ಕೈ ಅವಳದು. ಮಂದ ಬೆಳಕಿನ ಕೋಣೆಯಲ್ಲಿ ಚಿತ್ರದ ಮುಂದೆ ನಿಂತಾಗ ನಾನು ಪರ್ಸ್‌ಪೆಕ್ಟಿವ್, ಅಂದರೆ ಚಿತ್ರದಲ್ಲಿ ದೂರ ಹತ್ತಿರ ತೋರಿಸುವ ರೀತಿಯ ಬಗ್ಗೆ ಹೇಳಲು ಹೊರಟಿದ್ದೆ. ಅವ್ವ ತಡೆದಳು.

“ಇಕಿಗೆ ಏಳು ತಿಂಗಳ ಮ್ಯಾಲ ಆಗೇತಿ. ಕೈ ನೋಡು, ನಡಕ್ಕ ಇಟ್ಟಾಳ. ನಡಾ ನೋಯಾಕತ್ತೇತಿ ಪಾಪ. ಕುಂತಿದ್ರ ಚಲೋ ಇತ್ತು.”

ಮೇರಿಯ ಒಂದು ಕೈ ಸೊಂಟದ ಮೇಲಿದೆ. ಇನ್ನೊಂದು, ಹೊಟ್ಟೆಯ ಮೇಲೆ ನೀಲಿ ಅಂಗಿ ಬಿಚ್ಚಿಕೊಂಡ ಜಾಗವನ್ನು ಮೆಲ್ಲಗೆ ಮುಟ್ಟಿದೆ. ಎರಡು ಕಡೆ ಇಬ್ಬರು ದೇವದೂತರು ಡೇರೆಯ ಪರದೆ ಸರಿಸಿ ನಿಂತಿದ್ದಾರೆ. ಈ ಚಿತ್ರದ ಬಗ್ಗೆ ನಾನು ಓದಿದ್ದರಲ್ಲೆಲ್ಲ ಆ ಕೈಗೆ ದೈವಿಕ ಅರ್ಥ ಇತ್ತು. ನಡುನೋವು ಎಂದು ಯಾರೂ ಬರೆದದ್ದನ್ನು ನಾನು ಕಂಡಿರಲಿಲ್ಲ. ಪಿಯೆರೊನ ತಾಯಿಯ ತವರು ಮೊಂಟೆರ್ಕಿ ಎನ್ನುತ್ತಾರೆ. ಅಂಥ ಊರಿನ ಹೆಂಗಸರು ಹೆರಿಗೆ ಸುಸೂತ್ರ ಆಗಲೆಂದು ಕೈಮುಗಿಯುವ ಚಿತ್ರಕ್ಕೆ ಅವನು ನಿಜವಾದ ಬಸುರಿಯನ್ನೇ ನೋಡಿ ಬರೆದಿರಬೇಕು ಎಂದು ನನಗೆ ಅಂದು ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಇಬ್ಬರು ದೇವದೂತರೂ ಒಬ್ಬನೇ. ಒಬ್ಬನ ಅಂಗಿ ಕೆಂಪು, ಕಾಲುಚೀಲ ಹಸಿರು. ಇನ್ನೊಬ್ಬನದು ಅದಲು ಬದಲು. ಹಾಳೆಯ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಹಸಿ ಗೋಡೆಗೆ ಹಿಡಿದು ಇದ್ದಿಲ ಪುಡಿ ತಟ್ಟುತ್ತಿದ್ದರು. ಅದೇ ಹಾಳೆಯನ್ನು ಮಗುಚಿ ಹಿಡಿದರೆ ಎರಡನೇ ದೇವದೂತ. “ರಂಗೋಲಿ ಅಚ್ಚು ಬೇ, ಅಷ್ಟ” ಅಂದೆ. ಅವ್ವನಿಗೆ ತಕ್ಷಣ ಹೊಳೆಯಿತು. ಸುಣ್ಣದ ಗಿಲಾವು ಹಸಿಯಿರುವಾಗಲೇ ಬಣ್ಣ ಹಚ್ಚಬೇಕು, ಒಣಗುತ್ತ ಸುಣ್ಣ ಕಲ್ಲಾಗಿ ಬಣ್ಣವನ್ನು ಒಳಗೇ ಹಿಡಿದುಕೊಳ್ಳುತ್ತದೆ. ಅದಕ್ಕೇ ಒಂದು ದಿನಕ್ಕೆ ಬರೆದು ಮುಗಿಯುವಷ್ಟೇ ಗಿಲಾವು ಮೆತ್ತುತ್ತಿದ್ದರು. ಅಂಥ ಗಿಲಾವಿನ ತುಂಡುಗಳನ್ನು ಎಣಿಸಿ, ಈ ಚಿತ್ರ ಏಳು ದಿನದ ಕೆಲಸ ಎಂದು ತಿಳಿದವರು ಕಂಡುಹಿಡಿದಿದ್ದಾರೆ. ಏಳೇ ದಿನ! ಅವ್ವ ಅದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ಸಾನ್‌ಸೆಪೋಲ್ಕ್ರೊ ತಲುಪಿದಾಗ ಸಂಜೆ. ಮರುದಿನ ಊರ ಮ್ಯೂಸಿಯಂನಲ್ಲಿ, ಹಿಂದೆ ಆಡಳಿತದವರು ಸಭೆ ಸೇರುತ್ತಿದ್ದ ಕಟ್ಟಡದಲ್ಲಿ, ಸತ್ತ ಯೇಸು ಮತ್ತೆ ಎದ್ದು ಬರುವ ಪಿಯೆರೊನ ಚಿತ್ರ ‘ಪುನರುತ್ಥಾನ’ ನೋಡಿದೆವು. ಯೇಸು ಗೋರಿಯ ಅಂಚಿಗೆ ಕಾಲಿಟ್ಟು ನೇರ ನಮ್ಮನ್ನೇ ದಿಟ್ಟಿಸುತ್ತಾನೆ. ಅವನ ಒಂದು ಬದಿಗೆ ಬೋಳು ಮರ, ಇನ್ನೊಂದು ಬದಿಗೆ ಚಿಗುರಿದ ಮರ. ಪವಿತ್ರ ಗೋರಿ ಎಂಬುದೇ ಊರಿನ ಹೆಸರಾದ್ದರಿಂದ ಇದು ಊರಿನ ಚಿತ್ರವೂ ಹೌದು. 1944ರಲ್ಲಿ ಬ್ರಿಟಿಷ್ ಫಿರಂಗಿ ಪಡೆಯ ಟೋನಿ ಕ್ಲಾರ್ಕ್ ಎಂಬ ಅಧಿಕಾರಿ, ಹಿಂದೆ ಓದಿದ್ದ ಪ್ರಬಂಧವೊಂದರಲ್ಲಿ ಈ ಚಿತ್ರದ ಹೊಗಳಿಕೆ ಇದ್ದದ್ದು ನೆನಪಾಗಿ, ಊರಿನ ಮೇಲಿನ ಗುಂಡಿನ ದಾಳಿ ನಿಲ್ಲಿಸಿದ. ಅವನು ಆಗ ಚಿತ್ರವನ್ನು ಕಣ್ಣಾರೆ ಕಂಡವನೇ ಅಲ್ಲ.

ಪಕ್ಕದ ಕೋಣೆಯಲ್ಲಿ ಜನರನ್ನು ಸೆರಗಿನಡಿ ಕಾಯುವ ಮೇರಿಯ ಬಹುಫಲಕ, ಅಂದರೆ ಹಲವು ಹಲಗೆ ಜೋಡಿಸಿದ ಚಿತ್ರವಿದೆ. 1445ರ ಕರಾರಿನಲ್ಲಿ ಮೂರು ವರ್ಷದ ಗಡುವು, ಪಿಯೆರೊ ತೆಗೆದುಕೊಂಡದ್ದು ಹದಿನೈದಕ್ಕಿಂತ ಹೆಚ್ಚು. ಬಂಗಾರದ ಹಿನ್ನೆಲೆ ಇಲ್ಲೂ ಇತ್ತು, ಆದರೆ ಈ ಸಲ ಕಣ್ಣು ದಣಿಯಲಿಲ್ಲ.

ಅವ್ವ ಮಾತ್ರ ಪುನರುತ್ಥಾನದ ಎದುರೇ ಕೂತಿದ್ದಳು, ಕಾವಲಿನ ಹೆಂಗಸು ಕೊಟ್ಟ ಕುರ್ಚಿಯಲ್ಲಿ. ಗೋರಿಗೆ ಒರಗಿ ನಿದ್ದೆ ಹೋದ ನಾಲ್ವರು ಸೈನಿಕರನ್ನು ತೋರಿಸಿ, “ರಾತ್ರಿ ಪಾಳಿ ಮಾಡಿದವರು ಹಿಂಗ ಮಲಗತಾರ ನೋಡು. ಕುತ್ತಗಿ ಹೆಂಗ ಬಿಟ್ಟಾನ” ಅಂದಳು.

ಮರುದಿನ ಬಸ್ಸಿಗೆ ಮೊದಲು ಇನ್ನೊಮ್ಮೆ ಹೋದೆವು. ಆ ಹೆಂಗಸು ಏನೂ ಕೇಳದೆ ನಿನ್ನೆಯ ಜಾಗದಲ್ಲೇ ಕುರ್ಚಿ ತಂದಿಟ್ಟಳು.