ಥೈಮಿನ್ ಪಕ್ಕ ಒಂದೇ ಒಂದು ನೀರಿನ ಅಣು: ನನ್ನ ಅನುಭವ

ಡಿಎನ್‌ಎ ಬೇಸ್‌ನಿಂದ (ಡಿಎನ್‌ಎಯ ಅಕ್ಷರಗಳಂತಿರುವ ನಾಲ್ಕು ಅಣುಗಳಲ್ಲಿ ಒಂದರಿಂದ) ಒಂದು ಎಲೆಕ್ಟ್ರಾನ್ ಕೀಳಲು ಎಷ್ಟು ಶಕ್ತಿ ಬೇಕು, ಪಕ್ಕದಲ್ಲಿ ನೀರಿದ್ದರೆ ಅದು ಎಷ್ಟು ಇಳಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಕೂತಾಗ ನಾನು ಹಿಡಿದದ್ದು ಥೈಮಿನ್. ಡಿಎನ್‌ಎಯ ನಾಲ್ಕರಲ್ಲಿ ಗ್ವಾನಿನ್ ಎಲ್ಲಕ್ಕಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಡುತ್ತದೆ, ಥೈಮಿನ್ ಬಿಡೋದು ಕಷ್ಟ. ಆರ್‌ಎನ್‌ಎಯ ಯುರಾಸಿಲ್ ಇನ್ನೂ ಬಿಗಿ.

ಮೊದಲು ಬಿ3ಎಲ್‌ವೈಪಿ ಎಂಬ ಲೆಕ್ಕದ ವಿಧಾನ ಕೊಟ್ಟ ಹೋಮೋ ಶಕ್ತಿಯನ್ನೇ (ಎಲೆಕ್ಟ್ರಾನ್‌ಗಳಿರುವ ಅತಿ ಮೇಲಿನ ಕಕ್ಷಕದ ಶಕ್ತಿ, ಋಣ ಚಿಹ್ನೆ ಬಿಟ್ಟು) ಉತ್ತರ ಅಂದುಕೊಂಡೆ. ಪ್ರಯೋಗದ ಸುಮಾರು 9.1 ಎಲೆಕ್ಟ್ರಾನ್ ವೋಲ್ಟ್‌ಗಿಂತ ಅದು ಎರಡು ಎಲೆಕ್ಟ್ರಾನ್ ವೋಲ್ಟ್‌ನಷ್ಟು ಕೆಳಗಿತ್ತು. ಆಮೇಲೆ ಅಣುವಿನ ಆಕಾರ ಮುಟ್ಟದೆ, ತಟಸ್ಥ ಸ್ಥಿತಿಗೊಂದು, ಚಾರ್ಜ್ +1, ಮಲ್ಟಿಪ್ಲಿಸಿಟಿ 2 (ಅಂದರೆ ಒಂದು ಎಲೆಕ್ಟ್ರಾನ್ ಜೋಡಿಯಿಲ್ಲದೆ ಉಳಿದಿದೆ) ಇಟ್ಟು ಅಯಾನಿಗೊಂದು ಲೆಕ್ಕ ಓಡಿಸಿ, ವ್ಯತ್ಯಾಸವನ್ನು ಹಾರ್ಟ್ರಿ ಎಂಬ ಏಕಮಾನದಿಂದ ಎಲೆಕ್ಟ್ರಾನ್ ವೋಲ್ಟ್‌ಗೆ ತರಲು 27.2114ರಿಂದ ಗುಣಿಸಿದೆ. ಆಗ ಹತ್ತಿರ ಬಂತು.

ನೀರು ಸೇರಿಸಿದಾಗ 8.5 ಬಂತು. 0.6 ಇಳಿಕೆ ಅಂತ ನೋಟ್‌ಬುಕ್‌ನಲ್ಲಿ ಬರೆದೂಬಿಟ್ಟೆ. ತಪ್ಪು ಸಿಕ್ಕಿದ್ದು ಇನ್‌ಪುಟ್ ಫೈಲ್ ಮತ್ತೆ ಓದಿದಾಗ: ನೀರಿರುವ ಅಯಾನಿಯನ್ನು ಆಪ್ಟಿಮೈಸ್ ಮಾಡಿದ್ದೆ (ಅಂದರೆ ಕಡಿಮೆ ಶಕ್ತಿಯ ಆಕಾರಕ್ಕೆ ಸರಿಯಲು ಬಿಟ್ಟಿದ್ದೆ), ಬರಿ ಥೈಮಿನ್‌ನದನ್ನು ಮಾಡಿರಲಿಲ್ಲ. ಒಂದು ಕಡೆ ವರ್ಟಿಕಲ್ (ಆಕಾರ ಬದಲಾಗದ ಬೆಲೆ), ಇನ್ನೊಂದು ಕಡೆ ಅಡಿಯಬ್ಯಾಟಿಕ್ (ಆಕಾರ ಸರಿಹೋದ ಮೇಲಿನ ಬೆಲೆ), ಇವೆರಡನ್ನೂ ಕಳೆಯೋದು ಹೇಗೆ ಸರಿಯಾಗುತ್ತೆ ಅಲ್ವಾ? ಅಮೆರಿಕದ ಬರ್ಕ್ಲಿಯಲ್ಲಿ ಸಿಂಕ್ರೊಟ್ರಾನ್ (ವೇಗದ ಎಲೆಕ್ಟ್ರಾನ್‌ಗಳಿಂದ ತೀವ್ರ ಬೆಳಕು ಹೊಮ್ಮಿಸುವ ಯಂತ್ರ) ಬೆಳಕಿನಲ್ಲಿ ಅಳೆದು 2011ರಲ್ಲಿ ಪ್ರಕಟವಾದ ಕೆಲಸದಲ್ಲಿ ಒಂಟಿ ಥೈಮಿನ್ 8.85ರಲ್ಲಿ ಅಯಾನಾಗಲು ಶುರುವಾಗುತ್ತದೆ (ಮೇಲಿನ 9.1 ವರ್ಟಿಕಲ್ ಬೆಲೆ, ಇದು ಆರಂಭದ ಬಿಂದು), ಒಂದು ನೀರು ಸೇರಿದರೆ 8.60ರಲ್ಲಿ. ಅದರ ಜೊತೆಗಿನ ಲೆಕ್ಕದಲ್ಲಿ ವರ್ಟಿಕಲ್ ಇಳಿಕೆ ಒಂದು ನೀರಿಗೆ 0.10ರಿಂದ 0.15 ಮಾತ್ರ, ಅಡಿಯಬ್ಯಾಟಿಕ್ 0.4ರವರೆಗೆ.

ಯಾಕೆ ಇಷ್ಟು ಅಂತರ ಅಂತ ಆಪ್ಟಿಮೈಸೇಶನ್ನಿನ ಒಂದೊಂದೇ ಹೆಜ್ಜೆ ಪರದೆ ಮೇಲೆ ನೋಡಿದೆ. ಮೊದಲು ನೀರು ಎರಡು ಕಡೆ ಹಿಡಿದುಕೊಂಡಿತ್ತು: ಅದರ ಆಕ್ಸಿಜನ್ ಥೈಮಿನ್‌ನ ಎನ್1-ಎಚ್ (ಉಂಗುರದ 1ನೇ ಸ್ಥಾನದ ನೈಟ್ರೋಜನ್, ಅದರ ಹೈಡ್ರೊಜನ್) ಕಡೆಗೆ, ಒಂದು ಹೈಡ್ರೊಜನ್ ಪಕ್ಕದ ಕಾರ್ಬೊನಿಲ್ (ಕಾರ್ಬನ್‌ಗೆ ಎರಡು ಬಂಧದಲ್ಲಿ ಅಂಟಿದ ಆಕ್ಸಿಜನ್) ಕಡೆಗೆ. ಎಲೆಕ್ಟ್ರಾನ್ ಹೋದ ಮೇಲೆ ಥೈಮಿನ್ ತುಂಬಾ ಧನ ಚಾರ್ಜ್, ನೀರಿನ ಹೈಡ್ರೊಜನ್ ತುದಿಯೂ ಧನ. ಕಾರ್ಬೊನಿಲ್ ಹಿಡಿತ ಬಿಟ್ಟಿತು, ನೀರು ತಿರುಗಿ ಆಕ್ಸಿಜನ್ನನ್ನು ಎನ್-ಎಚ್‌ಗೆ ನೇರ ಮಾಡಿ ಇನ್ನೂ ಹತ್ತಿರ ಸರಿಯಿತು. ಜಾಸ್ತಿ ಇಳಿಕೆ ಬಂದದ್ದು ಈ ತಿರುಗುವಿಕೆಯಿಂದ. ನನಗೆ ಇಡೀ ಕೆಲಸದಲ್ಲಿ ಇಷ್ಟವಾದ ಜಾಗ ಇದೇ.

ಒಂದು ತೊಡಕು ಉಳಿದಿದೆ. ಡಿಎನ್‌ಎಯಲ್ಲಿ ಎನ್1ಕ್ಕೆ ಸಕ್ಕರೆ ಅಂಟಿಕೊಂಡಿರುತ್ತದೆ, ಹಾಗಾಗಿ ಈ ನೀರಿಗೆ ಅಲ್ಲಿ ಜಾಗವೇ ಇಲ್ಲ. ಅದಕ್ಕೆ ಸಕ್ಕರೆಯ ಬದಲಿಗೆ ಎನ್1 ಮೇಲೆ ಮೀಥೈಲ್ (ಸಿಎಚ್3 ಎಂಬ ಚಿಕ್ಕ ಗುಂಪು) ಕೂರಿಸಿ, ನೀರನ್ನು ಇನ್ನೊಂದು ಕಾರ್ಬೊನಿಲ್ ಹತ್ತಿರ ಇಟ್ಟು ಮತ್ತೆ ಓಡಿಸುತ್ತಿದ್ದೇನೆ. ಈ ಸಲ ನೀರಿರುವ, ನೀರಿಲ್ಲದ ಎರಡೂ ಅಯಾನಿಗಳನ್ನು ಒಂದೇ ರೀತಿ ನಡೆಸಿದ್ದೇನೆ.