ಒಂದು ಐಆರ್‌ಎಫ್ 510, 40 ಮೀಟರಿನಲ್ಲಿ 12 ವ್ಯಾಟ್: ನನ್ನ ಅನುಭವ

ನನ್ನ ಹ್ಯಾಮ್ (ಹವ್ಯಾಸಿ ರೇಡಿಯೋ) ಸೆಟ್ಟಿನ ಶಕ್ತಿ ಏರಿಸೋಕೆ ಐಆರ್‌ಎಫ್ 510 ಅನ್ನೋ ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಹಾಕಿ ಆಂಪ್ಲಿಫೈಯರ್ ಕಟ್ಟೋಕೆ ಹೊರಟಿದ್ದೆ. "ಅದು ಸ್ವಿಚಿಂಗ್‌ಗೆ (ಕರೆಂಟ್ ಆನ್-ಆಫ್ ಮಾಡೋಕೆ) ಮಾಡಿದ ಮಾಸ್‌ಫೆಟ್. ಆರ್‌ಎಫ್‌ಗೆ, ಅಂದ್ರೆ ರೇಡಿಯೋ ಸಿಗ್ನಲ್‌ಗೆ ಹಾಕಿದ್ರೆ ಪಟಾಕಿ ಥರ ಸಿಡಿಯುತ್ತೆ" ಅಂತ ನಮ್ಮೂರಿನ ಹಿರಿಯ ಹ್ಯಾಮ್ ಒಬ್ಬರು ಮೊದಲೇ ಹೇಳಿದ್ದರು. ಇನ್ನೊಬ್ಬರು "ರೆಡಿ ಬೋರ್ಡ್ ತಗೊಳ್ಳಿ, ಸುಮ್ನೆ ಯಾಕೆ ಒದ್ದಾಡ್ತೀರಿ" ಅಂದರು. ಈಗ ಎಂಟು ತಿಂಗಳಾಯಿತು. ಅದೇ ಮಾಸ್‌ಫೆಟ್ ದಿನಾ ಬೆಳಿಗ್ಗೆ 40 ಮೀಟರ್ ಬ್ಯಾಂಡಿನಲ್ಲಿ (ಸುಮಾರು 7 ಮೆಗಾಹರ್ಟ್ಸ್) ಕೆಲಸ ಮಾಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಹ್ಯಾಮ್ ಲೈಸೆನ್ಸ್ ಇರುವವರಿಗೆ ಮಾತ್ರ ಈ ಮಾತು.

ನನ್ನ ಸೆಟ್ ಬಿಟ್‌ಎಕ್ಸ್ ಅನ್ನೋ ಟ್ರಾನ್ಸ್‌ಸೀವರ್ ವಿನ್ಯಾಸ ನೋಡಿ ಮನೆಯಲ್ಲೇ ಕಟ್ಟಿದ್ದು. ಡ್ರೈವರ್‌ನಿಂದ ಬರೋದು ಅರ್ಧ ವ್ಯಾಟ್. ಬೇಸಿಗೆಯ ಗುಡುಗಿನ ಗಲಾಟೆಯಲ್ಲಿ ಅದು ಯಾರಿಗೆ ಕೇಳಬೇಕು? ಅದನ್ನು ಏರಿಸೋಕೇ ಈ ಆಂಪ್ಲಿಫೈಯರ್.

ಮೊದಲನೇ ಬೋರ್ಡ್ ಯಾವುದೋ ಸರ್ಕ್ಯೂಟ್ ನಕಲು ಮಾಡಿದ್ದು. ಡ್ರೈನ್‌ಗೆ (ಮಾಸ್‌ಫೆಟ್‌ನ ಔಟ್‌ಪುಟ್ ಕಾಲು) ಚೋಕ್ (ಆರ್‌ಎಫ್ ತಡೆಯುವ ಕಾಯಿಲ್), ಒಂದು ಕೆಪಾಸಿಟರ್, ಅಲ್ಲಿಂದ ನೇರ ಬೇಡದ ತರಂಗ ಸೋಸುವ ಫಿಲ್ಟರ್. 12 ವೋಲ್ಟ್‌ನಲ್ಲಿ ಒಂದೂವರೆ ವ್ಯಾಟ್ ದಾಟಲೇ ಇಲ್ಲ. ಮಾಸ್‌ಫೆಟ್ ಡೂಪ್ಲಿಕೇಟ್ ಇರಬೇಕು ಅಂದುಕೊಂಡು ಬೆಂಗಳೂರಿನ ಎಸ್‌ಪಿ ರೋಡಿಗೆ (ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ) ಎರಡು ಸಲ ಹೋಗಿ ಬಂದೆ. ಬಯಾಸ್ (ಗೇಟಿಗೆ, ಅಂದರೆ ಇನ್‌ಪುಟ್ ಕಾಲಿಗೆ ಕೊಡುವ ಸ್ಥಿರ ವೋಲ್ಟೇಜ್) ಏರಿಸಿದೆ, ಡ್ರೈವ್ (ಒಳಗೆ ಕೊಡುವ ಸಿಗ್ನಲ್) ಏರಿಸಿದೆ. ಮೂರು ಸುಟ್ಟವು.

ಆಮೇಲೆ ಒಂದು ಭಾನುವಾರ ಪೆನ್ನು ಹಿಡಿದು ಕೂತೆ. ಸಿಗುವ ವ್ಯಾಟ್ ಅಂದರೆ ವೋಲ್ಟೇಜಿನ ವರ್ಗ, ಅದನ್ನು ಲೋಡಿನ (ಆಂಟೆನಾ ಕಡೆ ಕಾಣುವ 50 ಓಮ್) ಎರಡರಷ್ಟರಿಂದ ಭಾಗಿಸು. 144 ಭಾಗಿಸು 100. ಒಂದೂವರೆ ವ್ಯಾಟೂ ಇಲ್ಲ! ಮಾಸ್‌ಫೆಟ್ ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು. 50 ಓಮ್ ತೋರಿಸಿದರೆ ಅಷ್ಟೇ ಸಿಗೋದು. ಅವತ್ತಿನಿಂದ ನಾನು ಔಟ್‌ಪುಟ್ ಕಡೆಯಿಂದಲೇ ಶುರು ಮಾಡುತ್ತೇನೆ. ಎಷ್ಟು ವ್ಯಾಟ್ ಬೇಕು, ಸಪ್ಲೈ ಎಷ್ಟು, ಹಾಗಾದರೆ ಡ್ರೈನ್‌ಗೆ ಎಷ್ಟು ಓಮ್ ಕಾಣಬೇಕು, ಉಳಿದದ್ದು ಆಮೇಲೆ. ಎಫ್‌ಟಿ 50-43 ಫೆರೈಟ್ ಉಂಗುರದ ಮೇಲೆ ಎರಡು ತಂತಿ ಹೊಸೆದು ಹತ್ತು ಸುತ್ತು, ಓಮ್ ಲೆಕ್ಕದಲ್ಲಿ ಒಂದಕ್ಕೆ ನಾಲ್ಕರ ಟ್ರಾನ್ಸ್‌ಫಾರ್ಮರ್. ಡ್ರೈನ್‌ಗೆ ಹನ್ನೆರಡೂವರೆ ಓಮ್ ಕಂಡಿತು. ಅದೇ 12 ವೋಲ್ಟ್, ಅದೇ ಮಾಸ್‌ಫೆಟ್, ಡಮ್ಮಿ ಲೋಡಿನಲ್ಲಿ ನಾಲ್ಕೂ ಮುಕ್ಕಾಲು ವ್ಯಾಟ್.

ಡಮ್ಮಿ ಲೋಡ್ ಅಂದರೆ ಪರೀಕ್ಷೆಗೆ ಆಂಟೆನಾ ಬದಲು ಹಾಕೋದು: 1 ಕೆ, 1 ವ್ಯಾಟಿನ 20 ರೆಸಿಸ್ಟರ್ ಪ್ಯಾರಲಲ್, ಜೊತೆಗೆ ವೋಲ್ಟೇಜ್ ಅಳೆಯೋಕೆ ಒಂದು 4148 ಡಯೋಡ್. ಖರ್ಚು ಐವತ್ತು ರೂಪಾಯಿಯೂ ಆಗಲಿಲ್ಲ. ದುಬಾರಿ ವ್ಯಾಟ್ ಮೀಟರ್ ಬೇಕಿಲ್ಲ.

ಖುಷಿಯಲ್ಲಿ ಎರಡು ಯುಪಿಎಸ್ ಬ್ಯಾಟರಿ ಸೀರೀಸ್ ಮಾಡಿದೆ. ಅಲ್ಲಿಂದ ನಿಜವಾದ ಕಷ್ಟ. ಡ್ರೈವ್ ಇಲ್ಲ, ಬರೀ ಬಯಾಸಿನ ಪ್ರಿಸೆಟ್ (ಚಿಕ್ಕ ತಿರುಗಣೆ) ತಿರುಗಿಸುತ್ತಿದ್ದೇನೆ. 40 ಮಿಲಿ ಆಂಪಿಯರ್, 60, 80. ಮೀಟರಿನ ಮುಳ್ಳು ನಿಧಾನ ಏರುತ್ತಿತ್ತು. ಒಮ್ಮೆಲೇ ಹಾರಿ ಆ ಕಡೆ ಗೋಡೆಗೆ ಬಡಿಯಿತು. ಕೈ ತೆಗೆಯುವಷ್ಟರಲ್ಲಿ ವಾಸನೆ. ಹೀಗೇ ಇದೂ ಸೇರಿ ನಾಲ್ಕು ಹೋದವು. ಕಾರಣ ಆಸಿಲೇಶನ್, ಅಂದರೆ ಆಂಪ್ಲಿಫೈಯರ್ ತಾನೇ ಸಿಗ್ನಲ್ ಹುಟ್ಟಿಸೋದು. ಗೇಟಿನ ಕಾಲು ಒಂದಿಂಚು ಉದ್ದ ಬಿಟ್ಟಿದ್ದೆ, ಸೋರ್ಸ್ (ಮೂರನೇ ಕಾಲು) ಕೂಡ ತಂತಿಯಲ್ಲಿ ಗ್ರೌಂಡ್ ಆಗಿತ್ತು. ಬೋರ್ಡ್ ಎಸೆದು, ಕಾಪರ್ ಕ್ಲ್ಯಾಡ್ ಮೇಲೆ ಚಿಕ್ಕ ಚಿಕ್ಕ ತುಂಡು ಅಂಟಿಸಿ ಹೊಸದಾಗಿ ಕಟ್ಟಿದೆ. ಸೋರ್ಸ್ ಕಾಲನ್ನು ಬುಡದಲ್ಲೇ ತಾಮ್ರಕ್ಕೆ ಬೆಸುಗೆ ಹಾಕಿದೆ. ಗೇಟಿನ ಬುಡಕ್ಕೆ 10 ಓಮ್, ಒಂದು ಫೆರೈಟ್ ಮಣಿ. ಡ್ರೈನ್‌ನಿಂದ ಗೇಟಿಗೆ ಫೀಡ್‌ಬ್ಯಾಕ್. ಅದರ ವ್ಯಾಲ್ಯೂ ಮಾತ್ರ ನನ್ನ ಹತ್ತಿರವೇ ಇರಲಿ, ಅದನ್ನು ಹುಡುಕೋಕೆ ಎರಡು ವಾರ ಹಿಡಿದಿದೆ.

ಇನ್ನೊಂದು ಮಾಸ್‌ಫೆಟ್ ಹೋಗಿದ್ದು ಹೀಟ್‌ಸಿಂಕ್‌ನಿಂದ. ಹಳೇ ಕಂಪ್ಯೂಟರಿನ ಹೀಟ್‌ಸಿಂಕ್‌ಗೆ ತೂತು ಕೊರೆದಿದ್ದೆ. ಅಂಚಿನಲ್ಲಿ ಕೂದಲಷ್ಟು ಲೋಹದ ಮುಳ್ಳು ಉಳಿದು, ನಡುವೆ ಕರೆಂಟ್ ತಡೆಯೋಕೆ ಹಾಕಿದ್ದ ಮೈಕಾ ಹಾಳೆ ಸೀಳಿತು. ಇದರ ಬೆನ್ನಿನ ಲೋಹವೇ ಡ್ರೈನ್ ಅಲ್ವಾ, ಬ್ಯಾಟರಿ ನೇರ ಶಾರ್ಟ್. ವೈರಿನ ಪ್ಲಾಸ್ಟಿಕ್ ಕರಗಿ ಮೇಜಿಗೆ ಅಂಟಿತು. ಈಗ 3 ಆಂಪಿಯರ್ ಫ್ಯೂಸ್ ಇಲ್ಲದೆ ಏನನ್ನೂ ಜೋಡಿಸಲ್ಲ.

ಕಾಸು ಉಳಿಸೋಕೆ ಮಾಡಿದ ಪ್ರಯೋಗಗಳೂ ಇವೆ. ಕೆಟ್ಟ ಸಿಎಫ್‌ಎಲ್ ಬಲ್ಬಿನ ಒಳಗಿನ ಟೊರಾಯ್ಡ್ (ಉಂಗುರದ ಕೋರ್) ಹಾಕಿ ನೋಡಿದೆ, ಅರ್ಧ ನಿಮಿಷದಲ್ಲಿ ಮುಟ್ಟಲಾಗದಷ್ಟು ಬಿಸಿ. ಹಳೇ ಟಿವಿ ಬಾಲನ್‌ನ (ಆಂಟೆನಾ ವೈರಿನ ಚಿಕ್ಕ ಟ್ರಾನ್ಸ್‌ಫಾರ್ಮರ್) ಎರಡು ತೂತಿನ ಕೋರ್ ಮಾತ್ರ ಇನ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಚೆನ್ನಾಗಿ ಒಗ್ಗಿತು, ಈಗಲೂ ಅದೇ ಇದೆ. ಮೊದಲ ಬಿಟ್‌ಎಕ್ಸ್ ವಿನ್ಯಾಸದಲ್ಲಿ ನೀರಿನ ನಲ್ಲಿಯ ವಾಷರ್ ಮೇಲೆ ಕಾಯಿಲ್ ಸುತ್ತಿದ್ದರಲ್ಲ, ಅದನ್ನು ಫಿಲ್ಟರ್‌ಗೂ ಮಾಡಿದೆ. ನಡೆಯಿತು. ಆದರೆ ಸುತ್ತು ತುಂಬಾ ಜಾಸ್ತಿ, ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ. 19 ವೋಲ್ಟಿನ ಲ್ಯಾಪ್‌ಟಾಪ್ ಅಡಾಪ್ಟರ್ ಹಾಕಿದರೆ ರಿಸೀವರ್ ತುಂಬಾ ಗೊರಗೊರ.

ಕೊನೆಗೆ ಫಿಲ್ಟರ್‌ಗೆ ಟಿ 37-6 ಟೊರಾಯ್ಡ್ ತರಿಸಿದೆ. 21, 24, 21 ಸುತ್ತು. 270 ಮತ್ತು 680 ಪಿಎಫ್ ಕೆಪಾಸಿಟರ್. ತೂತಿನೊಳಗೆ ತಂತಿ ಎಷ್ಟು ಸಲ ಹೋಯಿತೋ ಅಷ್ಟೇ ಸುತ್ತು. ನಾನು ಮೊದಲು ಹೊರಗಡೆ ಎಣಿಸಿ ಒಂದೊಂದು ಸುತ್ತು ತಪ್ಪಿದ್ದೆ.

25 ವೋಲ್ಟ್ ಕೊಟ್ಟಾಗ ಡಯೋಡ್ ಆಚೆ 34 ವೋಲ್ಟ್ ಬಂತು. ಅಂದರೆ 12 ವ್ಯಾಟ್. ಕರೆಂಟ್ ಒಂದು ಆಂಪಿಯರ್ ಆಸುಪಾಸು. ಲೆಕ್ಕದ ಪ್ರಕಾರ ಇದರ ಎರಡರಷ್ಟು ಬರಬೇಕಿತ್ತು, ಆದರೆ ಅರ್ಧ ವ್ಯಾಟ್ ಡ್ರೈವ್ ಅದಕ್ಕೆ ಸಾಲದು. ಹತ್ತು ನಿಮಿಷ ಮಾತಾಡಿದರೂ ಹೀಟ್‌ಸಿಂಕ್ ಮೇಲೆ ಅಂಗೈ ಇಡಬಹುದು. ಮರುದಿನ ಬೆಳಿಗ್ಗೆ ಹೈದರಾಬಾದಿನವರು ಐದು ಒಂಬತ್ತು ಕೊಟ್ಟರು, ಅಂದರೆ ಸ್ಪಷ್ಟವಾಗಿ, ಜೋರಾಗಿ ಕೇಳುತ್ತಿದೆ ಅಂತ. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಖರ್ಚು? ಎಂಟು ಮಾಸ್‌ಫೆಟ್ ಸುಟ್ಟಿದ್ದು ನಾನೂರು, ಟೊರಾಯ್ಡ್ ಆರುನೂರು, ಬಸ್ ಚಾರ್ಜು, ಬೋರ್ಡು ಎಲ್ಲ ಸೇರಿ ಎರಡು ಸಾವಿರದ ಆಸುಪಾಸು. ಈಗ ಇನ್ನೊಂದು ಕಟ್ಟಬೇಕಾದರೆ ನಾನೂರರಲ್ಲಿ ಒಂದು ಸಂಜೆ ಸಾಕು.

ಇದನ್ನೇ ಫಿಲ್ಟರ್ ಬದಲಿಸಿ 14 ಮೆಗಾಹರ್ಟ್ಸ್‌ಗೆ ಹಾಕಿದೆ. ಐದು ವ್ಯಾಟಿಗೆ ಇಳಿಯಿತು. ಗೇಟ್ ಕೆಪಾಸಿಟೆನ್ಸ್ ಡ್ರೈವ್ ನುಂಗುತ್ತಿದೆ. ಇನ್‌ಪುಟ್ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದೇನೆ, ಈ ಭಾನುವಾರ ಒಂದು ಸುತ್ತು ಕಮ್ಮಿ ಮಾಡಿ ನೋಡುತ್ತೇನೆ.